ಸ್ಮಾರ್ಟ್‌ಫೋನ್ ವೇದಿಕೆಗಳು ಮತ್ತು ಫೋನ್ ಆಯ್ಕೆ: ದಾವಣಗೆರೆ, ಹರಿಹರ

ಸ್ಮಾರ್ಟ್‌ಫೋನ್ ವೇದಿಕೆ ಎಂದರೆ ಮೂರು ಸಂಗತಿಗಳು ಕೂಡಿದ ಏರ್ಪಾಟು: ಫೋನನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ, ಅದಕ್ಕೆ ಆ್ಯಪ್‌ಗಳನ್ನು ಒದಗಿಸುವ ಆ್ಯಪ್ ಮಳಿಗೆ ಮತ್ತು ಅದನ್ನು ಕಾಲಕಾಲಕ್ಕೆ ಸರಿಪಡಿಸುವ ಅಪ್‌ಡೇಟ್. ಇಂದು ಭಾರತದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳೆಲ್ಲ ಹೆಚ್ಚುಕಡಿಮೆ ಎರಡೇ ವೇದಿಕೆಗಳಿಗೆ ಸೇರಿವೆ: ಗೂಗಲ್‌ನ ಆಂಡ್ರಾಯ್ಡ್ ಮತ್ತು ಆಪಲ್‌ನ ಐಒಎಸ್. ದೇಶದಲ್ಲಿ ಬಳಕೆಯಲ್ಲಿರುವ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಫೋನಿನ ಗಾಜು, ಬ್ಯಾಟರಿ ಕೆಟ್ಟರೆ ಬದಲಾಯಿಸಬಹುದು. ಅಪ್‌ಡೇಟ್ ನಿಂತ ಮೇಲೆ, ಆ್ಯಪ್‌ಗಳು ಕೈಬಿಟ್ಟ ಮೇಲೆ ಒಳ್ಳೆಯ ಸ್ಥಿತಿಯಲ್ಲಿರುವ ಫೋನೂ ಮೂಲೆ ಸೇರುತ್ತದೆ. ಹಾಗಾಗಿ ಯಾವ ಫೋನ್ ಕೊಳ್ಳಬೇಕು ಎಂಬ ಪ್ರಶ್ನೆ ಬಹುಮಟ್ಟಿಗೆ ಆ ಫೋನಿಗೆ ಎಷ್ಟು ವರ್ಷದ ಆಯಸ್ಸಿದೆ ಎಂಬ ಪ್ರಶ್ನೆಯೇ. ದಾವಣಗೆರೆ ನಗರ ಮತ್ತು ಹರಿಹರವನ್ನು ಮಾದರಿಯಾಗಿ ಇಟ್ಟುಕೊಂಡು ಈ ಲೇಖನ ವೇದಿಕೆಗಳ ಇತಿಹಾಸ, ಹೋಲಿಕೆ ಮತ್ತು ಆಯ್ಕೆಯ ಮಾನದಂಡಗಳನ್ನು ಸಮೀಕ್ಷಿಸುತ್ತದೆ. ಬೆಲೆ ಮತ್ತು ಅಪ್‌ಡೇಟ್ ವಿವರಗಳು 2025ರ ಅಂತ್ಯದ ಸ್ಥಿತಿಗೆ ಸಂಬಂಧಿಸಿದವು.

ಪ್ರದೇಶದ ಹಿನ್ನೆಲೆ

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರಚನೆಯಾಯಿತು. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ನಗರ ಈಗ ಕಾಲೇಜುಗಳ, ಆಸ್ಪತ್ರೆಗಳ, ಮೆಕ್ಕೆಜೋಳ ಮತ್ತು ಭತ್ತದ ವಹಿವಾಟಿನ ಊರು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಪ್ರಕಟಿಸಿದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಅದರ ಹೆಸರಿತ್ತು. ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ, ತುಂಗಭದ್ರಾ ನದಿಯ ಬಲದಂಡೆಯಲ್ಲಿ ಹರಿಹರವಿದೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ಹರಿಹರದ ಹೆಸರನ್ನು ದೇಶದುದ್ದಕ್ಕೂ ಒಯ್ದಿದ್ದವು. ಎರಡೂ ಊರುಗಳು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ, ಹೆದ್ದಾರಿಗೂ ಹೊಂದಿಕೊಂಡಿವೆ. ಹರಿಹರದವರು ಓದಿಗೆ, ಆಸ್ಪತ್ರೆಗೆ ದಾವಣಗೆರೆಗೆ ಬರುವಂತೆಯೇ ಫೋನ್ ಕೊಳ್ಳಲು, ಸರ್ವಿಸ್ ಸೆಂಟರಿಗೆ ಕೊಡಲು ಕೂಡ ಬರುತ್ತಾರೆ.

ಇಲ್ಲಿನ ಖರೀದಿದಾರರಲ್ಲಿ ಮೂರು ದೊಡ್ಡ ಗುಂಪುಗಳನ್ನು ಕಾಣಬಹುದು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಮೊದಲನೆಯವರು. ಭದ್ರಾ ನಾಲೆಯ ಅಚ್ಚುಕಟ್ಟಿನ ಮತ್ತು ಮಳೆಯಾಶ್ರಿತ ಹೊಲಗಳ ರೈತರು ಎರಡನೆಯವರು. ಅಂಗಡಿ, ಮಂಡಿ, ಲೇತ್ ಶೆಡ್ಡು, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು ಮೂರನೆಯವರು. ಮೂವರ ಅಗತ್ಯವೂ ಒಂದೇ ಅಲ್ಲ.

ವೇದಿಕೆಗಳ ಏಳುಬೀಳು

ಭಾರತದಲ್ಲಿ ಮೊಬೈಲನ್ನು ಜನಸಾಮಾನ್ಯರ ಕೈಗಿಟ್ಟ ಘಟನೆಗಳಲ್ಲಿ ಎರಡು 2003ರವು: ರಿಲಯನ್ಸ್ ಕಂಪನಿ 501 ರೂಪಾಯಿಗೆ ಫೋನ್ ಸಂಪರ್ಕ ಕೊಟ್ಟದ್ದು ಮತ್ತು ನೋಕಿಯಾ ತನ್ನ 1100 ಮಾದರಿಯನ್ನು ಹೊರತಂದದ್ದು. ಟಾರ್ಚ್ ಇದ್ದ, ದೂಳಿಗೆ ಹೆದರದ ಆ ಸೆಟ್ ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾಯಿತು. ಸ್ಮಾರ್ಟ್‌ಫೋನ್ ಎಂಬ ಮೇಲಿನ ದರ್ಜೆಯಲ್ಲಿ ಆಗ ನೋಕಿಯಾದ ಸಿಂಬಿಯನ್ ಮತ್ತು ಕೆನಡಾದ ಬ್ಲ್ಯಾಕ್‌ಬೆರಿ ಪ್ರಬಲವಾಗಿದ್ದವು.

ಆಪಲ್ 2007ರ ಜನವರಿ 9ರಂದು ಐಫೋನನ್ನು ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಹಲವು ಕಂಪನಿಗಳನ್ನು ಕೂಡಿಸಿಕೊಂಡು ಆಂಡ್ರಾಯ್ಡ್ ಅನ್ನು ಘೋಷಿಸಿತು. ಐಫೋನ್ 3ಜಿ ಭಾರತಕ್ಕೆ ಬಂದದ್ದು 2008ರ ಆಗಸ್ಟ್ 22ರಂದು. 8 ಜಿಬಿ ಮಾದರಿಯ ಬೆಲೆ 31,000 ರೂಪಾಯಿ. ಭಾರತದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಮ್ಯಾಜಿಕ್ 2009ರಲ್ಲಿ ಬಂತು. ಇವೆರಡೂ ಜಿಲ್ಲಾ ಕೇಂದ್ರದ ಸಾಮಾನ್ಯ ಗಿರಾಕಿಯ ಕೈಗೆ ಎಟುಕುವಂತಿರಲಿಲ್ಲ.

ಎಟುಕುವಂತೆ ಮಾಡಿದ್ದು ಮೈಕ್ರೋಮ್ಯಾಕ್ಸ್, ಕಾರ್ಬನ್, ಇಂಟೆಕ್ಸ್, ಲಾವಾದಂಥ ದೇಶಿ ಹೆಸರಿನ ಕಂಪನಿಗಳು ಮತ್ತು 2014ರ ಜುಲೈನಲ್ಲಿ ಭಾರತಕ್ಕೆ ಕಾಲಿಟ್ಟ ಶಿಯೋಮಿ. ಇದೇ ಹೊತ್ತಿಗೆ ಅಗ್ಗದ ಫೋನಿನ ಮಾರುಕಟ್ಟೆಯನ್ನು ಹಿಡಿಯಲು ಹಲವು ವೇದಿಕೆಗಳು ಪೈಪೋಟಿಗಿಳಿದವು. 2014ರ ಆಗಸ್ಟ್‌ನಲ್ಲಿ 1,999 ರೂಪಾಯಿಯ ಇಂಟೆಕ್ಸ್ ಕ್ಲೌಡ್ ಎಫ್ಎಕ್ಸ್ ಫೈರ್‌ಫಾಕ್ಸ್ ಓಎಸ್‌ನೊಂದಿಗೆ ಬಂತು. ಮರುತಿಂಗಳು ಗೂಗಲ್ ತನ್ನ ಆಂಡ್ರಾಯ್ಡ್ ಒನ್ ಯೋಜನೆಯನ್ನು ಭಾರತದಿಂದಲೇ ಆರಂಭಿಸಿತು. 2015ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನದೇ ಟೈಜನ್ ವ್ಯವಸ್ಥೆಯ ಝಡ್1 ಫೋನನ್ನು 5,700 ರೂಪಾಯಿಗೆ ಬಿಟ್ಟಿತು. ನೋಕಿಯಾ 2011ರಲ್ಲಿ ಸಿಂಬಿಯನ್ ತೊರೆದು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಕಡೆ ಹೊರಳಿತ್ತು. ಅದರ ಲೂಮಿಯಾ ಫೋನುಗಳಿಗೆ ಭಾರತದಲ್ಲಿ ಒಳ್ಳೆಯ ಬೇಡಿಕೆಯೂ ಇತ್ತು.

ಇವುಗಳಲ್ಲಿ ಉಳಿದದ್ದು ಆಂಡ್ರಾಯ್ಡ್ ಮಾತ್ರ. ಲೂಮಿಯಾದ ಗಟ್ಟಿತನ, ಕ್ಯಾಮೆರಾ ಎರಡನ್ನೂ ಬಳಸಿದವರು ಇಂದಿಗೂ ಹೊಗಳುತ್ತಾರೆ. ಆದರೆ ಬ್ಯಾಂಕುಗಳ, ಟಿಕೆಟ್ ಕಂಪನಿಗಳ ಆ್ಯಪ್‌ಗಳು ಒಂದೊಂದಾಗಿ ಅದನ್ನು ಬಿಟ್ಟವು, 2019ರ ಡಿಸೆಂಬರ್ 31ರ ನಂತರ ವಾಟ್ಸ್ಆ್ಯಪ್ ಕೂಡ ನಿಂತಿತು. ಬ್ಲ್ಯಾಕ್‌ಬೆರಿಯ ಹಳೆಯ ಸೇವೆಗಳು 2022ರ ಜನವರಿ 4ರಂದು ಮುಗಿದವು. ಫೈರ್‌ಫಾಕ್ಸ್ ಓಎಸ್‌ನ ಬೇರಿನಿಂದ ಹುಟ್ಟಿದ ಕೈಓಎಸ್ ಮಾತ್ರ 2017ರ ಜಿಯೋಫೋನ್ ಮೂಲಕ ಮರುಜೀವ ಪಡೆಯಿತು. 1,500 ರೂಪಾಯಿ ಠೇವಣಿಗೆ ಸಿಕ್ಕ ಆ ಬಟನ್ ಸೆಟ್‌ನಲ್ಲಿ 4ಜಿ ಜಾಲವೂ ಇತ್ತು, ಕನ್ನಡವೂ ಇತ್ತು. 2018ರಲ್ಲಿ ವಾಟ್ಸ್ಆ್ಯಪ್ ಕೂಡ ಬಂತು, ಮುಂದೆ ಕೆಲವೇ ವರ್ಷಗಳಲ್ಲಿ ಹಿಂದೆಗೆಯಿತು. ವೇದಿಕೆ ಸೋತದ್ದು ಯಂತ್ರದ ದೋಷದಿಂದಲ್ಲ, ಆ್ಯಪ್ ಬರೆಯುವವರು ಬಿಟ್ಟುಹೋದದ್ದರಿಂದ ಎಂಬುದು ಈ ಎಲ್ಲ ಕಥೆಗಳ ಸಾರ.

ಆಂಡ್ರಾಯ್ಡ್ ಮತ್ತು ಐಒಎಸ್: ಹೋಲಿಕೆ

ಆಂಡ್ರಾಯ್ಡ್ ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ವ್ಯವಸ್ಥೆ. ಅದರ ಮೂಲಭಾಗ ಮುಕ್ತ ತಂತ್ರಾಂಶ. ಪ್ಲೇ ಸ್ಟೋರ್, ಮ್ಯಾಪ್ಸ್‌ನಂಥ ಗೂಗಲ್ ಸೇವೆಗಳಿಗೆ ಮಾತ್ರ ಪರವಾನಗಿ ಬೇಕು. ಕಂಪನಿಗಳು ಅದರ ಮೇಲೆ ತಮ್ಮ ಹೊದಿಕೆ ಹಾಕುತ್ತವೆ: ಸ್ಯಾಮ್ಸಂಗ್‌ನದು ಒನ್ ಯುಐ, ಶಿಯೋಮಿಯದು ಹೈಪರ್‌ಓಎಸ್, ಒಪ್ಪೋದ್ದು ಕಲರ್‌ಓಎಸ್. ಅಂಗಡಿಯಲ್ಲಿ ಒಂದೇ ಬೆಲೆಯ ಎರಡು ಫೋನುಗಳು ಬೇರೆಬೇರೆಯಾಗಿ ವರ್ತಿಸಲು, ಒಂದರಲ್ಲಿ ಬೇಡದ ಆ್ಯಪ್‌ಗಳು, ಜಾಹೀರಾತುಗಳು ತುಂಬಿರಲು ಈ ಹೊದಿಕೆಯೇ ಕಾರಣ. ಐಒಎಸ್ ಆಪಲ್‌ನ ಫೋನಿನಲ್ಲಿ ಮಾತ್ರ ನಡೆಯುತ್ತದೆ. ಯಂತ್ರ, ತಂತ್ರಾಂಶ, ಆ್ಯಪ್ ಮಳಿಗೆ ಮೂರೂ ಒಂದೇ ಕಂಪನಿಯ ಹಿಡಿತದಲ್ಲಿವೆ.

ಇದರ ಪರಿಣಾಮ ಹಲವು ಕಡೆ ಕಾಣುತ್ತದೆ. ಹೊಸ ಆವೃತ್ತಿ ಬಂದ ದಿನವೇ ಅರ್ಹ ಐಫೋನುಗಳಿಗೆಲ್ಲ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಬಿಟ್ಟ ಆವೃತ್ತಿಯನ್ನು ತಯಾರಕರು ತಮ್ಮ ಹೊದಿಕೆಗೆ ಒಗ್ಗಿಸಿ ಕೊಡುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಆಂಡ್ರಾಯ್ಡ್‌ನಲ್ಲಿ ಹತ್ತು ಸಾವಿರದಿಂದ ಲಕ್ಷ ದಾಟುವವರೆಗೆ ಎಲ್ಲ ಬೆಲೆಗಳ ಫೋನೂ ಉಂಟು. ಐಫೋನಿನ ಹೊಸ ಮಾದರಿಗಳ ಕೆಳಮೆಟ್ಟಿಲೇ ಎತ್ತರ: 2025ರ ಫೆಬ್ರುವರಿಯಲ್ಲಿ ಬಂದ ಐಫೋನ್ 16ಇ 59,900 ರೂಪಾಯಿ, ಸೆಪ್ಟೆಂಬರ್‌ನ ಐಫೋನ್ 17 82,900 ರೂಪಾಯಿ. ಐಫೋನಿಗೆ ಮೆಮೊರಿ ಕಾರ್ಡ್ ಹಾಕಲು ಬರುವುದಿಲ್ಲ. ಭಾರತದಲ್ಲಿ ಮಾರುವ ಹೆಚ್ಚಿನ ಐಫೋನುಗಳಲ್ಲಿ ಪ್ಲಾಸ್ಟಿಕ್ ಸಿಮ್‌ಗೆ ಒಂದೇ ಜಾಗ. ಎರಡನೆಯ ನಂಬರು ಇ-ಸಿಮ್ ಆಗಿರಬೇಕು. ಒಂದು ನಂಬರನ್ನು ಬ್ಯಾಂಕಿಗೆ, ಇನ್ನೊಂದನ್ನು ನೆಟ್ ಪ್ಯಾಕಿಗೆ ಇಟ್ಟುಕೊಂಡವರು ಇದನ್ನು ಮೊದಲೇ ವಿಚಾರಿಸಬೇಕು. ಹಣ ಪಾವತಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ಬೆಣ್ಣೆದೋಸೆ ಹೋಟೆಲಿನ ಕ್ಯೂಆರ್ ಕೋಡ್ ಎರಡರಲ್ಲೂ ಒಂದೇ ಬಗೆಯಲ್ಲಿ ಓದಿಸಿಕೊಳ್ಳುತ್ತದೆ, ಯುಪಿಐಗೆ ಎನ್ಎಫ್‌ಸಿ (ಫೋನ್ ತಾಗಿಸಿ ಪಾವತಿಸುವ ತಂತ್ರ) ಬೇಕಿಲ್ಲ.

ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುವುದು ಮೊದಲಿನಷ್ಟು ಕಷ್ಟವಿಲ್ಲ. 2022ರಿಂದ ವಾಟ್ಸ್ಆ್ಯಪ್ ಮಾತುಕತೆಗಳನ್ನು ಆಂಡ್ರಾಯ್ಡ್‌ನಿಂದ ಐಫೋನಿಗೆ ಸಾಗಿಸಬಹುದಾಗಿದೆ. ಹಣ ಕೊಟ್ಟು ಕೊಂಡ ಆ್ಯಪ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಹಿಡಿತವೂ ವಿವಾದಕ್ಕೆ ಗುರಿಯಾಗಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಗೂಗಲ್‌ನ ಎಲ್ಲ ಆ್ಯಪ್‌ಗಳನ್ನೂ ಒಟ್ಟಿಗೇ ಅಳವಡಿಸಬೇಕೆಂಬ ಷರತ್ತು ಆ ಬಳಿಕ ಭಾರತದಲ್ಲಿ ಸಡಿಲವಾಯಿತು. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಕನ್ನಡ ಸೇರಿದಂತೆ 12 ಭಾರತೀಯ ಭಾಷೆಗಳ ಇಂಡಸ್ ಆ್ಯಪ್‌ಸ್ಟೋರ್ ಆರಂಭಿಸಿತು.

ಕನ್ನಡದ ಸ್ಥಿತಿ

ಬಹುಕಾಲ ಫೋನಿನಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸುತ್ತಿದ್ದವು. ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುವುದನ್ನು ರೂಢಿಸಿಕೊಂಡದ್ದು ಆ ಕಾಲದಲ್ಲೇ. 2012ರ ಆಂಡ್ರಾಯ್ಡ್ 4.1 ಕನ್ನಡ ಲಿಪಿಯನ್ನು ತೋರಿಸತೊಡಗಿತು. 2014ರ ಆಂಡ್ರಾಯ್ಡ್ 5.0ರಲ್ಲಿ ಸೆಟ್ಟಿಂಗ್ಸ್, ಮೆನು ಎಲ್ಲವೂ ಕನ್ನಡದಲ್ಲಿ ಸಿಕ್ಕವು. ಗೂಗಲ್‌ನಲ್ಲಿ ಕನ್ನಡ ಮಾತಾಡಿ ಹುಡುಕುವ ಸೌಲಭ್ಯ 2017ರ ಆಗಸ್ಟ್‌ನಲ್ಲಿ ಬಂತು. ಆಪಲ್ ಇದೇ ಹಾದಿಯಲ್ಲಿ ನಿಧಾನವಾಗಿ ನಡೆಯಿತು: 2017ರ ಐಒಎಸ್ 11ರಲ್ಲಿ ಕನ್ನಡ ಕೀಲಿಮಣೆ ಬಂದರೆ, ಇಡೀ ಫೋನನ್ನು ಕನ್ನಡದಲ್ಲಿ ಬಳಸುವ ಅವಕಾಶ ದೊರೆತದ್ದು 2025ರ ಐಒಎಸ್ 18.4ರಲ್ಲಿ. ಅಂದರೆ ಆಂಡ್ರಾಯ್ಡ್‌ಗಿಂತ ಹತ್ತು ವರ್ಷ ತಡ.

ಭಾರತೀಯ ಮಾನಕ ಬ್ಯೂರೊದ ಐಎಸ್ 16333 (ಭಾಗ 3) ಮಾನಕದ ಪ್ರಕಾರ ದೇಶದಲ್ಲಿ ಮಾರುವ ಪ್ರತಿ ಫೋನೂ ಭಾರತೀಯ ಭಾಷೆಗಳ ಪಠ್ಯವನ್ನು ತೋರಿಸಲೇಬೇಕು. ಹೀಗಾಗಿ ಈಗ ಕನ್ನಡ ಓದಲಾಗದ ಹೊಸ ಫೋನ್ ಇಲ್ಲ. ವ್ಯತ್ಯಾಸವಿರುವುದು ಬರೆಯುವುದರಲ್ಲಿ. ಆಂಡ್ರಾಯ್ಡ್‌ನಲ್ಲಿ ಜಿಬೋರ್ಡ್, ಸ್ವರಚಕ್ರ, ಜಸ್ಟ್ ಕನ್ನಡ ಹೀಗೆ ಕೀಲಿಮಣೆಗಳ ಆಯ್ಕೆ ಹೆಚ್ಚು. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಗೆ ಕೈ ಪಳಗಿದವರಿಗೂ ಅದೇ ವಿನ್ಯಾಸ ಆಂಡ್ರಾಯ್ಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ (ಆಂಡ್ರಾಯ್ಡ್) ಮತ್ತು ವಾಯ್ಸ್‌ಓವರ್ (ಐಒಎಸ್) ಎರಡಕ್ಕೂ ಕನ್ನಡದ ದನಿ ಇದೆ. ಕನ್ನಡದಲ್ಲಿ ಫೋನ್ ವಿಮರ್ಶೆಯನ್ನು ಬೆಳೆಸಿದವರಲ್ಲಿ ಯು.ಬಿ. ಪವನಜ ಪ್ರಮುಖರು. ಅವರ ‘ಗ್ಯಾಜೆಟ್ ಲೋಕ’ ಅಂಕಣ ಪ್ರೊಸೆಸರ್, ಬ್ಯಾಟರಿಗಳ ಜೊತೆಗೆ ಫೋನು ಕನ್ನಡವನ್ನು ಹೇಗೆ ತೋರಿಸುತ್ತದೆ ಎಂಬುದನ್ನೂ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಹೊಲ, ಶಾಲೆ, ಕಚೇರಿ

ಈ ಭಾಗದಲ್ಲಿ ಆಂಡ್ರಾಯ್ಡ್ ಬೇರೂರಲು ಬೆಲೆಯಷ್ಟೇ ಕಾರಣವಲ್ಲ. ಸರ್ಕಾರದ ಕೆಲಸಗಳು ಅದರ ಮೂಲಕವೇ ನಡೆಯತೊಡಗಿದವು. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಹೊರತಂದಿತು. ರೈತರು ತಮ್ಮ ಸರ್ವೆ ನಂಬರಿನೊಳಗೆ ನಿಂತು ಬೆಳೆಯ ಫೋಟೊ ತೆಗೆದು ಕಳಿಸಬೇಕು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿಗಳಿಗೆ ಈ ಮಾಹಿತಿಯೇ ಆಧಾರ. ಆ್ಯಪ್ ಸಿಗುವುದು ಪ್ಲೇ ಸ್ಟೋರಿನಲ್ಲಿ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಜಗಳೂರು, ಹೊನ್ನಾಳಿ ಕಡೆಯ ರೈತ ದಾವಣಗೆರೆಯಲ್ಲಿ ಫೋನ್ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಜಿಪಿಎಸ್ ಎಷ್ಟು ಬೇಗ, ಎಷ್ಟು ನಿಖರವಾಗಿ ಜಾಗ ಹಿಡಿಯುತ್ತದೆ ಮತ್ತು ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂಬುದನ್ನು ನೋಡುವುದು ಲಾಭ. ಅಂಗಡಿಯ ಮುಂದಿನ ರಸ್ತೆಗೆ ಫೋನನ್ನು ತಂದು ಮ್ಯಾಪ್ ತೆರೆದರೆ ಎರಡೂ ಗೊತ್ತಾಗುತ್ತವೆ.

ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರ, ಹಾಜರಿಗಳನ್ನು 2021ರಿಂದ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ತುಂಬುತ್ತಾರೆ. ಕೊರೋನಾ ಕಾಲದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಣ ಇಲಾಖೆ ಮಕ್ಕಳನ್ನು ಮೂರು ಗುಂಪು ಮಾಡಿತ್ತು: ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು. ಮನೆಗೆ ಎರಡನೆಯ ಫೋನ್ ತರುವ ರೂಢಿ ಹಲವು ಕುಟುಂಬಗಳಲ್ಲಿ ಶುರುವಾದದ್ದು ಆಗಲೇ.

ಜಾಲ ಮತ್ತು 5ಜಿ

ಜಿಯೋ 2016ರ ಸೆಪ್ಟೆಂಬರ್ 5ರಂದು ಆರಂಭವಾದಾಗ ಅದರಲ್ಲಿ ಇದ್ದದ್ದು 4ಜಿ ಮಾತ್ರ. 2ಜಿಯ ಹಳೆಯ ಬಟನ್ ಸೆಟ್ಟುಗಳಲ್ಲಿ ಆ ಸಿಮ್ ನಡೆಯುವುದಿಲ್ಲ. 5ಜಿ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು, ದಾವಣಗೆರೆಗೆ ಜಿಯೋ 5ಜಿ 2023ರ ಜನವರಿಯಲ್ಲಿ ಬಂತು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್‌ನಲ್ಲಿ ವಿಧ್ಯುಕ್ತವಾಗಿ ಆರಂಭಿಸಿತು.

ಪೆಟ್ಟಿಗೆಯ ಮೇಲೆ 5ಜಿ ಎಂದು ಬರೆದಿದ್ದರೆ ಸಾಲದು. ಫೋನಿನ ವಿವರಪಟ್ಟಿಯಲ್ಲಿ ಎನ್28 ಮತ್ತು ಎನ್78 ಬ್ಯಾಂಡುಗಳು ಇವೆಯೇ ನೋಡಬೇಕು. ಎನ್78 ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆ ದಾಟುವುದು ಕಷ್ಟ. ಜಿಯೋ ಬಳಸುವ ಎನ್28, ಅಂದರೆ 700 ಮೆಗಾಹರ್ಟ್ಸ್, ದೂರದ ಹಳ್ಳಿಗೂ ಮನೆಯೊಳಗೂ ತಲುಪುತ್ತದೆ. ಊರ ಹೊರಗಿನ ತೋಟದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂಬುದನ್ನು ನೆರೆಹೊರೆಯವರ ಫೋನಿನಲ್ಲಿ ನೋಡಿ ತಿಳಿದ ಮೇಲೆ ಫೋನ್ ಆರಿಸುವುದು ಸರಿಯಾದ ಕ್ರಮ.

ಅಪ್‌ಡೇಟ್ ಮತ್ತು ವರ್ಷದ ಲೆಕ್ಕ

ಅಪ್‌ಡೇಟಿನಲ್ಲಿ ಎರಡು ಬಗೆ. ಒಂದು ಹೊಸ ಆವೃತ್ತಿ, ಅದು ನೋಟವನ್ನೂ ಸೌಲಭ್ಯವನ್ನೂ ಬದಲಿಸುತ್ತದೆ. ಇನ್ನೊಂದು ಭದ್ರತಾ ಅಪ್‌ಡೇಟ್, ಕಳ್ಳರು ನುಗ್ಗಬಹುದಾದ ಸಂದುಗಳನ್ನು ಮುಚ್ಚುತ್ತದೆ. ಕೊಳ್ಳುವವರಿಗೆ ಎರಡನೆಯದೇ ಮುಖ್ಯ, ಏಕೆಂದರೆ ಬ್ಯಾಂಕಿನ ವ್ಯವಹಾರ ಈಗ ಫೋನಿನಲ್ಲೇ ಇದೆ.

ಐಫೋನ್ ಈ ವಿಷಯದಲ್ಲಿ ಬಹುಕಾಲ ಮುಂದಿತ್ತು. 2018ರ ಐಫೋನ್ ಎಕ್ಸ್ಎಸ್ 2024ರ ಐಒಎಸ್ 18ರವರೆಗೆ ಹೊಸ ಆವೃತ್ತಿಗಳನ್ನು ಪಡೆಯಿತು. 2019ರ ಐಫೋನ್ 11ಕ್ಕೆ 2025ರ ಐಒಎಸ್ 26 ಕೂಡ ಸಿಕ್ಕಿತು. ಗೂಗಲ್ 2023ರ ಪಿಕ್ಸೆಲ್ 8ರೊಂದಿಗೆ, ಸ್ಯಾಮ್ಸಂಗ್ 2024ರ ಗ್ಯಾಲಕ್ಸಿ ಎಸ್24ರೊಂದಿಗೆ ಏಳು ವರ್ಷದ ಭರವಸೆ ಕೊಟ್ಟ ಮೇಲೆ ಮೇಲ್ದರ್ಜೆಯಲ್ಲಿ ಅಂತರ ಮುಚ್ಚಿತು. ಮಧ್ಯಮ ದರ್ಜೆಯಲ್ಲೂ ಬದಲಾವಣೆ ಕಾಣುತ್ತಿದೆ. ಸುಮಾರು 19,000 ರೂಪಾಯಿಗೆ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ, ಸುಮಾರು 10,000 ರೂಪಾಯಿಯ ಗ್ಯಾಲಕ್ಸಿ ಎಂ06 5ಜಿಗೆ ನಾಲ್ಕು ವರ್ಷದ ಭರವಸೆ ಇದೆ. ಇದೇ ಬೆಲೆಯ ಬೇರೆ ಎಷ್ಟೋ ಫೋನುಗಳಿಗೆ ಎರಡು, ಮೂರು ವರ್ಷವಷ್ಟೇ.

ಬೆಲೆಯನ್ನು ವರ್ಷಗಳಿಂದ ಭಾಗಿಸಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. 12,000 ರೂಪಾಯಿಯ, ಎರಡು ವರ್ಷ ಅಪ್‌ಡೇಟ್ ಇರುವ ಫೋನು ವರ್ಷಕ್ಕೆ 6,000 ರೂಪಾಯಿ ಬೀಳುತ್ತದೆ. 19,000ದ, ಆರು ವರ್ಷದ ಫೋನು ವರ್ಷಕ್ಕೆ ಸುಮಾರು 3,170. 59,900ರ ಐಫೋನ್ ಏಳು ವರ್ಷ ಬಂದರೆ ವರ್ಷಕ್ಕೆ ಸುಮಾರು 8,560, ಮರುಮಾರಾಟದ ಬೆಲೆ ಹೆಚ್ಚು ಸಿಗುವುದರಿಂದ ನಿಜವಾದ ಖರ್ಚು ಅದಕ್ಕಿಂತ ಕಡಿಮೆ. ಈ ಲೆಕ್ಕದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ವರ್ಷಗಳನ್ನು ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ಗಿರಾಕಿ ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಗೆ ಕೊಂಡರೆ ಎರಡು ವರ್ಷ ಆಗಲೇ ಕಳೆದಿರುತ್ತವೆ. ಎರಡನೆಯದು, 4 ಜಿಬಿ ರ‍್ಯಾಮ್ ಇರುವ ಫೋನು ಅಪ್‌ಡೇಟ್ ಸಿಗುತ್ತಿದ್ದರೂ ಮೂರನೆಯ ವರ್ಷಕ್ಕೆ ಹ್ಯಾಂಗ್ ಆಗತೊಡಗಬಹುದು. 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಕನಿಷ್ಠ ಎಂದಿಟ್ಟುಕೊಳ್ಳುವುದು ಒಳಿತು.

ಯುರೋಪ್ ಒಕ್ಕೂಟ ಇಂತಿಷ್ಟು ವರ್ಷ ಅಪ್‌ಡೇಟ್ ಕೊಡುವುದನ್ನು ಕಾನೂನಾಗಿಸಿದೆ. 2025ರ ಜೂನ್ 20ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಮಾದರಿಗಳಿಗೆ, ಮಾರಾಟ ನಿಂತ ಬಳಿಕವೂ ಐದು ವರ್ಷ ಅಪ್‌ಡೇಟ್ ಕೊಡಬೇಕು. 800 ಸಲ ಚಾರ್ಜ್ ಮಾಡಿದ ನಂತರವೂ ಬ್ಯಾಟರಿಯಲ್ಲಿ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು.

ದೂಳು, ಬಿಸಿಲು, ನೀರು

ಫೋನಿನ ಐಪಿ ಸಂಖ್ಯೆಯ ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯನ್ನು ಹೇಳುತ್ತದೆ. ಐಪಿ 54 ಎಂದರೆ ದೂಳನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಚಿಮ್ಮಿದ ನೀರಿಗೆ ಭಯವಿಲ್ಲ. ಐಪಿ 68 ಎಂದರೆ ದೂಳು ಒಳಹೋಗದು, ಕೊಂಚ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆ ಮತ್ತು ಹೊಟ್ಟು, ಅಕ್ಕಿ ಗಿರಣಿಯ ತೌಡು, ಮೆಕ್ಕೆಜೋಳ ಒಕ್ಕುವ ಕಣದ ದೂಳು ಇವುಗಳ ನಡುವೆ ದುಡಿಯುವವರಿಗೆ ಮೊದಲ ಅಂಕಿ ಮುಖ್ಯ. ಹರಿಹರದ ಲೇತ್ ಶೆಡ್ಡುಗಳಲ್ಲಿ ಇನ್ನೊಂದು ತೊಂದರೆ ಇದೆ: ಸ್ಪೀಕರಿನ ಅಯಸ್ಕಾಂತ ಕಬ್ಬಿಣದ ಸಣ್ಣ ಪುಡಿಯನ್ನು ಸೆಳೆದು ದನಿ ಒಡೆಯುತ್ತದೆ. ಐಪಿ 68 ಇದ್ದರೂ ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ.

ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಆಪಲ್ ತನ್ನ ಫೋನುಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಮಧ್ಯಾಹ್ನ ಅದನ್ನು ಮೀರುವುದು ಸಾಮಾನ್ಯ. ಬೈಕಿನ ಹ್ಯಾಂಡಲಿಗೆ ಫೋನ್ ಸಿಕ್ಕಿಸಿ ಬಿಸಿಲಲ್ಲಿ ಮ್ಯಾಪ್ ನೋಡುತ್ತ ಚಾರ್ಜ್ ಹಾಕುವುದರಿಂದ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಬ್ಯಾಟರಿ 5,000 ಎಂಎಎಚ್ ಅಥವಾ ಹೆಚ್ಚು. ಐಫೋನಿನಲ್ಲಿ ಅಂಕಿ ಕಡಿಮೆಯಿದ್ದರೂ ತಂತ್ರಾಂಶದ ಮಿತವ್ಯಯ ಆ ಕೊರತೆಯನ್ನು ಬಹುಪಾಲು ತುಂಬುತ್ತದೆ.

ಮಾರುಕಟ್ಟೆ

ದಾವಣಗೆರೆಯಲ್ಲಿ ಸರಣಿ ಮಳಿಗೆಗಳು, ಒಂಟಿ ಅಂಗಡಿಗಳು ಎರಡೂ ಇವೆ. ಆನ್‌ಲೈನ್‌ನಲ್ಲಿ ಬೆಲೆ ನೋಡಿ ಅಂಗಡಿಯಲ್ಲಿ ಚೌಕಾಸಿ ಮಾಡುವುದು ಈಗ ವಾಡಿಕೆ. ಅಂಗಡಿಯವರು ಕೆಲವು ನೂರು ರೂಪಾಯಿ ಹೆಚ್ಚಿಗೆ ಕೇಳಿದರೂ ಟೆಂಪರ್ ಗ್ಲಾಸ್, ಬ್ಯಾಕ್ ಕವರ್ ಕೊಟ್ಟು, ಹಳೆಯ ಫೋನಿನ ನಂಬರು, ಫೋಟೊಗಳನ್ನು ಹೊಸದಕ್ಕೆ ಹಾಕಿಕೊಡುತ್ತಾರೆ. ವಯಸ್ಸಾದವರಿಗೆ ಇದು ಸಣ್ಣ ಸಹಾಯವಲ್ಲ. ಮಾರಾಟಗಾರ ಒತ್ತಿ ತೋರಿಸುವ ಬ್ರಾಂಡ್ ಯಾವಾಗಲೂ ಗಿರಾಕಿಗೆ ತಕ್ಕದ್ದಾಗಿರುವುದಿಲ್ಲ. ಕಂಪನಿ ಹೆಚ್ಚು ಕಮಿಷನ್ ಕೊಡುವ ಮಾದರಿ ಮುಂದಿನ ಸಾಲಿನಲ್ಲಿರುತ್ತದೆ.

ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 18. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆಂದರೆ ವಾರಂಟಿಯೂ ಹಕ್ಕೂ ಹೋದಂತೆ. ಕಂತಿನ ಮೇಲೆ ಕೊಳ್ಳುವಾಗ ‘ಬಡ್ಡಿ ಇಲ್ಲ’ ಎಂಬ ಮಾತಿನ ಹಿಂದೆ ಪ್ರೊಸೆಸಿಂಗ್ ಶುಲ್ಕ, ವಿಮೆ ಸೇರಿರಬಹುದು. ಕೈಯಿಂದ ಹೋಗುವ ಒಟ್ಟು ಮೊತ್ತವನ್ನು ಕೂಡಿಸಿ ನಗದು ಬೆಲೆಯೊಂದಿಗೆ ಹೋಲಿಸಬೇಕು. ಫೋನಿನ ಆಯಸ್ಸಿಗಿಂತ ಕಂತಿನ ಅವಧಿ ಉದ್ದವಾಗಬಾರದು.

ಐಫೋನ್ ತಯಾರಿಕೆ ಕರ್ನಾಟಕದಲ್ಲೂ ನಡೆಯುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಘಟಕವನ್ನು ಟಾಟಾ ಸಮೂಹ 2023ರಲ್ಲಿ ಕೊಂಡಿತು; ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಕಾರ್ಖಾನೆ ಇದೆ. ಆಪಲ್‌ನ ಸ್ವಂತ ಮಳಿಗೆ ಮಾತ್ರ ರಾಜ್ಯದಲ್ಲಿ ಒಂದೇ, ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ತೆರೆಯಿತು.

ರಿಪೇರಿ ಮತ್ತು ಸೆಕೆಂಡ್ ಹ್ಯಾಂಡ್

ಫೋನು ಕೆಳಗೆ ಬಿದ್ದರೆ ಮೊದಲು ಹೋಗುವುದು ಡಿಸ್‌ಪ್ಲೇ. ಗಾಜು, ಟಚ್, ಪರದೆ ಅಂಟಿಕೊಂಡೇ ಬರುವುದರಿಂದ ರಿಪೇರಿಯವರು ‘ಕಾಂಬೊ’ ಬದಲಿಸುತ್ತಾರೆ. ಹೆಚ್ಚು ಮಾರಾಟವಾದ ಆಂಡ್ರಾಯ್ಡ್ ಮಾದರಿಗಳ ಕಾಂಬೊ ಸುಲಭವಾಗಿ ಸಿಗುತ್ತದೆ; ಅಪರೂಪದ ಮಾದರಿಗೆ ಬೆಂಗಳೂರಿನಿಂದ ಬರುವವರೆಗೆ ಕಾಯಬೇಕು. ಅಮೊಲೆಡ್ ಪರದೆ ಎಲ್‌ಸಿಡಿಗಿಂತ ದುಬಾರಿ, ಅಗ್ಗದ ನಕಲು ಹಾಕಿಸಿದರೆ ಬಣ್ಣ ಮಂಕಾಗುತ್ತದೆ. ಐಫೋನಿಗೆ ಆಪಲ್‌ನದಲ್ಲದ ಪರದೆ ಅಥವಾ ಬ್ಯಾಟರಿ ಹಾಕಿದರೆ ಫೋನೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹೇಳಿಬಿಡುತ್ತದೆ. ಕೊಳ್ಳುವ ಮೊದಲೇ ಆ ಬ್ರಾಂಡಿನ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ, ಡಿಸ್‌ಪ್ಲೇಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದರೆ ಮುಂದಿನ ಆಘಾತ ತಪ್ಪುತ್ತದೆ.

ಹಳೆಯ ಐಫೋನ್ ಕೊಂಡು ಮೇಲ್ದರ್ಜೆಗೆ ಹೋಗುವುದು ವಿದ್ಯಾರ್ಥಿಗಳಲ್ಲಿ ಕಾಣುವ ದಾರಿ. ಅಲ್ಲಿ ನೋಡಬೇಕಾದವು ನಾಲ್ಕು. ಹಿಂದಿನ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆ ತೆಗೆದಿರಬೇಕು, ಇಲ್ಲವಾದರೆ ರೀಸೆಟ್ ಮಾಡಿದ ಮೇಲೆ ಫೋನು ಲಾಕ್ ಆಗಿ ಉಳಿಯುತ್ತದೆ. ಬಿಲ್ ಮತ್ತು ಬಾಕ್ಸ್ ಇರಬೇಕು, ಬಾಕ್ಸಿನ ಮೇಲಿನ ಐಎಂಇಐ ಸಂಖ್ಯೆ *#06# ಒತ್ತಿದಾಗ ಬರುವ ಸಂಖ್ಯೆಗೆ ಹೊಂದಬೇಕು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಸಂಖ್ಯೆ ಹಾಕಿ ಅದು ಕಳವಿನ ಫೋನ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿ ಹೆಲ್ತ್ ಶೇ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಸುರಕ್ಷತೆ ಮತ್ತು ಗ್ರಾಹಕರ ಹಕ್ಕು

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರಿನ ಹೊರಗಿಂದಲೂ ಎಪಿಕೆ ಕಡತದ ಮೂಲಕ ಆ್ಯಪ್ ಹಾಕಬಹುದು. ಈ ಸ್ವಾತಂತ್ರ್ಯವೇ ವಂಚಕರ ಬಾಗಿಲೂ ಆಗಿದೆ. ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಒತ್ತಿದವರ ಒಟಿಪಿ ಸಂದೇಶಗಳು ಕಳ್ಳರ ಪಾಲಾಗುತ್ತವೆ. ಭಾರತದಲ್ಲಿ ಐಫೋನಿಗೆ ಹೀಗೆ ಹೊರಗಿನಿಂದ ಆ್ಯಪ್ ಹಾಕಲು ಬರುವುದಿಲ್ಲ, ಆ ಮಟ್ಟಿಗೆ ಅದು ಕ್ಷೇಮ. ಆದರೆ ಒಟಿಪಿಯನ್ನು ಬಾಯಿಬಿಟ್ಟು ಹೇಳಿದರೆ ಯಾವ ವೇದಿಕೆಯೂ ಕಾಯಲಾರದು. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಯುವ ಸಾಧ್ಯತೆ ಇರುತ್ತದೆ.

ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಿಇಐಆರ್ ವ್ಯವಸ್ಥೆಯಲ್ಲಿ ಐಎಂಇಐ ತಡೆಹಿಡಿಸಬೇಕು. ದೋಷವಿರುವ ಫೋನನ್ನು ಕಂಪನಿ ಬದಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ.

ಆಯ್ಕೆ: ತೀರ್ಮಾನ

ಹೊಲದಲ್ಲಿ ಬಳಸುವವರಿಗೆ, ಸರ್ಕಾರಿ ಆ್ಯಪ್‌ಗಳು ಬೇಕಾದವರಿಗೆ, ಎರಡು ಪ್ಲಾಸ್ಟಿಕ್ ಸಿಮ್ ಇರುವವರಿಗೆ ಆಂಡ್ರಾಯ್ಡ್ ಹೊಂದುತ್ತದೆ. ಅದರಲ್ಲೂ 12,000ದಿಂದ 20,000 ರೂಪಾಯಿ ನಡುವೆ, ನಾಲ್ಕು ವರ್ಷಕ್ಕೆ ಕಡಿಮೆ ಇಲ್ಲದಂತೆ ಭದ್ರತಾ ಅಪ್‌ಡೇಟ್ ಇರುವ ಮಾದರಿ ಹೆಚ್ಚಿನ ಮನೆಗಳಿಗೆ ಸಾಕು. ಐದಾರು ವರ್ಷ ಒಂದೇ ಫೋನ್ ಬಳಸುವ ಮನಸ್ಸಿದ್ದು, ಕಂತಿಲ್ಲದೆ ಕೊಳ್ಳುವ ಶಕ್ತಿ ಇರುವವರಿಗೆ ಐಫೋನ್ ಅಥವಾ ಏಳು ವರ್ಷದ ಭರವಸೆಯ ಮೇಲ್ದರ್ಜೆ ಆಂಡ್ರಾಯ್ಡ್ ನಷ್ಟದ ಬಾಬತ್ತಲ್ಲ. ವರ್ಷ ವರ್ಷ ಫೋನ್ ಬದಲಿಸುವವರಿಗೆ ಅದೇ ಹಣ ಪೋಲು. ಮಾತಾಡಲಷ್ಟೇ ಫೋನ್ ಬೇಕೆನ್ನುವ ಹಿರಿಯರಿಗೆ 4ಜಿ ಬಟನ್ ಸೆಟ್ ಇಂದಿಗೂ ಸೂಕ್ತ. 2022ರಲ್ಲಿ ಬಂದ ಯುಪಿಐ 123ಪೇ ಮೂಲಕ ಅದರಿಂದಲೂ ಹಣ ಕಳಿಸಬಹುದು. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಮಾದರಿ ಯಾವಾಗ ಬಂದದ್ದು, ಭದ್ರತಾ ಅಪ್‌ಡೇಟ್ ಯಾವ ಇಸವಿಯವರೆಗೆ ಇದೆ, ಡಿಸ್‌ಪ್ಲೇ ಹೋದರೆ ದಾವಣಗೆರೆಯಲ್ಲೇ ಸಿಗುತ್ತದೆಯೇ. ಮೂರಕ್ಕೂ ಸರಿಯಾದ ಉತ್ತರ ಸಿಗದ ಫೋನನ್ನು ಎಷ್ಟೇ ರಿಯಾಯಿತಿ ಇದ್ದರೂ ಬಿಡುವುದೇ ಲೇಸು.